ಬೇವಿನ ಕಡ್ಡಿಯೂ ವಸಡಿನ ರೋಗವೂ

ಹಾಸನದಿಂದ ಹೊಳೆನರಸೀಪುರದ ಕಡೆಗಾಗಲಿ ಚನ್ನರಾಯಪಟ್ಟಣದ ಕಡೆಗಾಗಲಿ ಬೆಳಗಿನ ಮೊದಲ ಬಸ್ಸಿನಲ್ಲಿ ಹೊರಟವರಿಗೆ ದಾರಿಯುದ್ದಕ್ಕೂ ಒಂದು ನೋಟ ಇಂದಿಗೂ ಕಾಣಸಿಗುತ್ತದೆ. ಹಿತ್ತಿಲಿನ ಬೇವಿನಿಂದಲೋ ಹೊಲದ ಬದುವಿನ ಹೊಂಗೆಯಿಂದಲೋ ಮುರಿದ ಗೇಣುದ್ದದ ಕಡ್ಡಿಯೊಂದನ್ನು ಬಾಯಲ್ಲಿಟ್ಟು ನಿಧಾನವಾಗಿ ಅಗಿಯುತ್ತ, ಕೊಟ್ಟಿಗೆಯ ದನಗಳನ್ನು ಹೊರಕ್ಕೆ ಕಟ್ಟುತ್ತಿರುವ ಹಿರಿಯರ ನೋಟ ಅದು. ಬ್ರಷ್ಷು ಪೇಸ್ಟುಗಳು ಹಳ್ಳಿಯ ಅಂಗಡಿಗಳಿಗೆ ಬಂದು ಎಷ್ಟೋ ವರ್ಷಗಳಾದರೂ ಈ ಕಡ್ಡಿ ಪೂರ್ತಿಯಾಗಿ ಮಾಯವಾಗಿಲ್ಲ. ಮಾಯವಾಗದಿರುವುದಕ್ಕೆ ಕಾರಣವೂ ಇದ್ದೀತು. ಆ ಕಾರಣವನ್ನು ಹುಡುಕುವುದೇ ಈ ಲೇಖನದ ಉದ್ದೇಶ.

ಇದಕ್ಕೆ ಪ್ರೇರಣೆಯಾದ ಪ್ರಸಂಗವನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಜಿಲ್ಲೆಯ ಕಾಲೇಜೊಂದರ ವಿಜ್ಞಾನ ಪ್ರದರ್ಶನಕ್ಕೆ ತೀರ್ಪುಗಾರರಲ್ಲಿ ಒಬ್ಬನಾಗಿ ಹೋಗಿದ್ದೆ. ಅರಕಲಗೂಡು ಕಡೆಯ ವಿದ್ಯಾರ್ಥಿನಿಯೊಬ್ಬಳು ಗಾಜಿನ ತಟ್ಟೆಯೊಂದನ್ನು ಮುಂದಿಟ್ಟುಕೊಂಡು ನಿಂತಿದ್ದಳು. ತಟ್ಟೆಯಲ್ಲಿ ಅಗರ್ ಎಂಬ ಲೋಳೆಯಂತಹ ಗಟ್ಟಿ ಪದಾರ್ಥ. ಅದರ ಮೇಲೆಲ್ಲ ಬಾಯಿಯಿಂದ ತೆಗೆದು ಬೆಳೆಸಿದ ಬ್ಯಾಕ್ಟೀರಿಯಗಳ ಮಸುಕಾದ ಹೊದಿಕೆ. ನಡುವೆ ಬೇವಿನ ಎಲೆಯ ಸಾರವನ್ನು ತುಂಬಿದ ಸಣ್ಣದೊಂದು ಗುಳಿ. ಆ ಗುಳಿಯ ಸುತ್ತ ಬ್ಯಾಕ್ಟೀರಿಯಗಳು ಬೆಳೆಯದೆ, ಉಂಗುರದ ಆಕಾರದಲ್ಲಿ ಸ್ಥಳ ತಿಳಿಯಾಗಿತ್ತು. ಹಿಂದಿನ ಫಲಕದಲ್ಲಿ ‘ಬೇವಿನ ರಸ ವಸಡಿನ ರೋಗವನ್ನು ಗುಣಪಡಿಸುತ್ತದೆ’ ಎಂದು ದಪ್ಪ ಅಕ್ಷರಗಳಲ್ಲಿ ಬರೆದಿತ್ತು. ಪ್ರದರ್ಶನ ನೋಡಲು ಬಂದಿದ್ದ ರೈತರೊಬ್ಬರು ಬಹಳ ಹೊತ್ತು ಅದನ್ನೇ ನೋಡುತ್ತಿದ್ದು, ಕಡೆಗೆ ನನ್ನತ್ತ ತಿರುಗಿ, “ಮೇಷ್ಟ್ರೇ, ಎರಡು ವರ್ಷದಿಂದ ವಸಡಲ್ಲಿ ರಕ್ತ ಬತ್ತದೆ. ಮುಂದಿನ ಎರಡು ಹಲ್ಲು ಅಲ್ಲಾಡ್ತವೆ. ಹಂಗಾದ್ರೆ ಈ ರಸ ಹಾಕ್ಕೊಂಡು ಮುಕ್ಕಳಿಸುದ್ರೆ ಸಾಕಾ? ಆಸ್ಪತ್ರೆಗೆ ಹೋಗೋದು ಬ್ಯಾಡ್ವಾ?” ಎಂದು ಕೇಳಿದರು.

ವಿದ್ಯಾರ್ಥಿನಿ ನನ್ನ ಮುಖ ನೋಡಿದಳು. ನಾನು ಭೌತವಿಜ್ಞಾನದವನು, ಆಸ್ಪತ್ರೆಗೆ ಹೋಗಿ ಎಂದು ಮಾತ್ರ ಹೇಳಿದೆನೇ ಹೊರತು, ತಟ್ಟೆಯ ಉಂಗುರಕ್ಕೂ ಅವರ ವಸಡಿಗೂ ಇರುವ ಅಂತರವನ್ನು ವಿವರಿಸಲು ಆಗ ನನ್ನಿಂದಾಗಲಿಲ್ಲ. ಮನೆಗೆ ಬಂದು ಯೋಚಿಸುತ್ತ ಹೋದಂತೆ, ಆ ಅಂತರದ ಬಹುಭಾಗ ನಾನು ಪ್ರತಿವರ್ಷ ತರಗತಿಯಲ್ಲಿ ಪಾಠ ಹೇಳುವ ವಿಷಯದಲ್ಲಿಯೇ ಅಡಗಿದೆಯೆಂಬುದು ಹೊಳೆಯಿತು.

ವಸಡಿನ ರೋಗವೆಂದರೇನು? ನಮ್ಮ ಬಾಯಿಯಲ್ಲಿ ವಾಸಮಾಡುವ ಸೂಕ್ಷ್ಮಜೀವಿಗಳಲ್ಲಿ ಸುಮಾರು ೭೦೦ ಬಗೆಗಳನ್ನು ಗುರುತಿಸಲಾಗಿದೆ. ಅವುಗಳಲ್ಲಿ ಬಹುಪಾಲು ನಿರುಪದ್ರವಿಗಳು. ಹಲ್ಲನ್ನು ಉಜ್ಜಿ ತೊಳೆದ ಕೆಲವೇ ನಿಮಿಷಗಳಲ್ಲಿ ಜೊಲ್ಲಿನಲ್ಲಿರುವ ಸಸಾರಜನಕ ವಸ್ತುಗಳು ಹಲ್ಲಿನ ಮೇಲೆ ತೆಳುವಾದ ಒಂದು ಪೊರೆಯನ್ನು ಹಾಸುತ್ತವೆ. ಆ ಪೊರೆಗೆ ಮೊದಲು ಕೆಲವು ಬ್ಯಾಕ್ಟೀರಿಯಗಳು ಅಂಟಿಕೊಳ್ಳುತ್ತವೆ. ಅವುಗಳಿಗೆ ಮತ್ತೆ ಕೆಲವು ಅಂಟಿಕೊಳ್ಳುತ್ತವೆ. ಎಲ್ಲವೂ ಸೇರಿ ತಮ್ಮ ಸುತ್ತ ಅಂಟಿನಂತಹ ಪದಾರ್ಥವನ್ನು ಸ್ರವಿಸಿ ಅದರೊಳಗೆ ಕೋಟೆ ಕಟ್ಟಿಕೊಂಡು ಕೂರುತ್ತವೆ. ಕೆರೆಯ ಮೆಟ್ಟಿಲಿನ ಮೇಲೆ ಪಾಚಿ ಕಟ್ಟುವ ರೀತಿಯೂ ಇದೇ. ಆದುದರಿಂದ ಹಲ್ಲಿನ ಈ ಲೇಪವನ್ನೂ ಪಾಚಿಯೆಂದೇ ಕರೆಯೋಣ. ತೆಗೆಯದೆ ಬಿಟ್ಟ ಪಾಚಿ ಜೊಲ್ಲಿನಲ್ಲಿರುವ ಸುಣ್ಣದ ಲವಣಗಳನ್ನು ಹೀರಿ ಗಾರೆಯಂತೆ ಗಟ್ಟಿಯಾಗುತ್ತದೆ. ಇದೇ ಹಲ್ಲಿನ ಕಿಟ್ಟ.

ವಸಡಿನ ಅಂಚಿನಲ್ಲಿ ಪಾಚಿ ನಿಂತರೆ ಏನಾಗುತ್ತದೆಂಬುದನ್ನು ೧೯೬೫ರಲ್ಲಿ ಡೆನ್ಮಾರ್ಕಿನ ಆರ್ಹುಸ್ ನಗರದಲ್ಲಿ ನಡೆದ ಒಂದು ಸರಳ ಪ್ರಯೋಗ ನಿಸ್ಸಂದೇಹವಾಗಿ ತೋರಿಸಿಕೊಟ್ಟಿತು. ಹೆರಾಲ್ಡ್ ಲೋ ಮತ್ತು ಸಂಗಡಿಗರು ಆರೋಗ್ಯವಂತ ವಸಡುಗಳುಳ್ಳ ೧೨ ಜನರನ್ನು ಆರಿಸಿ, ಹಲ್ಲುಜ್ಜುವುದನ್ನು ಸಂಪೂರ್ಣವಾಗಿ ನಿಲ್ಲಿಸುವಂತೆ ಹೇಳಿದರು. ಹತ್ತರಿಂದ ಇಪ್ಪತ್ತೊಂದು ದಿನಗಳೊಳಗೆ ಹನ್ನೆರಡು ಮಂದಿಗೂ ವಸಡು ಕೆಂಪಗೆ ಊದಿಕೊಂಡಿತು. ಮತ್ತೆ ಉಜ್ಜಲಾರಂಭಿಸಿದಾಗ ಸುಮಾರು ಒಂದು ವಾರದಲ್ಲಿ ಎಲ್ಲರಿಗೂ ವಾಸಿಯಾಯಿತು. ರೋಗದ ಈ ಮೊದಲನೆಯ ಹಂತವನ್ನು ಹೀಗೆ ಹಿಂದಕ್ಕೆ ತಿರುಗಿಸಬಹುದು. ಎರಡನೆಯ ಹಂತದ ಮಾತೇ ಬೇರೆ. ಉರಿಯೂತ ವರ್ಷಗಟ್ಟಲೆ ಮುಂದುವರಿದಾಗ ಕೆಲವರಲ್ಲಿ ವಸಡು ಹಲ್ಲಿನಿಂದ ಬಿಟ್ಟುಕೊಂಡು, ನಡುವೆ ಆಳವಾದ ಸಂದು ಬೀಳುತ್ತದೆ. ಗಾಳಿಯಾಡದ ಆ ಸಂದಿನಲ್ಲಿ ಪೋರ್ಫಿರೋಮೊನಾಸ್ ಜಿಂಜಿವಾಲಿಸ್ ಮೊದಲಾದ, ಆಮ್ಲಜನಕವನ್ನು ಸಹಿಸದ ಬ್ಯಾಕ್ಟೀರಿಯಗಳು ನೆಲೆಸುತ್ತವೆ. ಅವುಗಳ ವಿರುದ್ಧ ನಮ್ಮ ದೇಹ ಹೂಡುವ ಯುದ್ಧದಲ್ಲಿ ಹಲ್ಲನ್ನು ಹಿಡಿದಿರುವ ಮೂಳೆಯೇ ಕರಗುತ್ತದೆ. ಹೀಗೆ ಕರಗಿದ ಮೂಳೆ ಸಾಮಾನ್ಯವಾಗಿ ತಾನಾಗಿ ಮತ್ತೆ ಬೆಳೆಯುವುದಿಲ್ಲ. ಇಷ್ಟೆಲ್ಲ ನಡೆಯುವಾಗ ಬಹುಮಟ್ಟಿಗೆ ನೋವೇ ಇರದಿರುವುದು ಈ ರೋಗದ ಕಪಟ. ಹುಳುಕುಹಲ್ಲು ರಾತ್ರಿಯೆಲ್ಲ ನಿದ್ದೆಗೆಡಿಸಿ ವೈದ್ಯರ ಬಳಿಗೆ ಅಟ್ಟುತ್ತದೆ. ವಸಡಿನ ರೋಗವಾದರೋ ಬೆಳಿಗ್ಗೆ ಉಗುಳುವಾಗ ಕಾಣುವ ಸ್ವಲ್ಪ ರಕ್ತದ ಹೊರತು ಬೇರೆ ಸುಳಿವನ್ನೇ ಕೊಡದಿರಬಹುದು.

ಇನ್ನು ಮರಗಳ ವಿಚಾರಕ್ಕೆ ಬರೋಣ. ಹಲ್ಲುಕಡ್ಡಿಯ ಬಳಕೆ ನಮ್ಮಲ್ಲಿ ಬಹು ಪುರಾತನವಾದುದು. ಸುಶ್ರುತ ಸಂಹಿತೆಯಲ್ಲಿ ಕಡ್ಡಿಯ ಉದ್ದ ಹನ್ನೆರಡು ಅಂಗುಲ, ದಪ್ಪ ಕಿರುಬೆರಳಿನಷ್ಟು ಇರಬೇಕೆಂಬ ನಿಯಮವಿದೆ. ಕಹಿಯ ಮರಗಳಲ್ಲಿ ಬೇವು, ಒಗರಿನವುಗಳಲ್ಲಿ ಕಗ್ಗಲಿ, ಸಿಹಿಯವುಗಳಲ್ಲಿ ಹಿಪ್ಪೆ, ಖಾರದವುಗಳಲ್ಲಿ ಹೊಂಗೆ ಶ್ರೇಷ್ಠವೆಂದು ಅದು ಹೇಳುತ್ತದೆ. ಈ ನಾಲ್ಕರಲ್ಲಿ ಬೇವು ಹೊಂಗೆಗಳನ್ನು ನಮ್ಮ ತಾಲ್ಲೂಕುಗಳ ಜನ ಹುಡುಕಿಕೊಂಡು ಹೋಗಬೇಕಾಗಿಲ್ಲ. ಹಾಸನದ ಬಳಿಯ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದವರು ೨೦೦೭ರಲ್ಲಿ ಆರಂಭಿಸಿದ ಜೈವಿಕ ಇಂಧನ ಉದ್ಯಾನದಲ್ಲಿ ಕೆಲಸ ನಡೆದಿರುವುದೂ ಹೊಂಗೆ, ಬೇವು, ಹಿಪ್ಪೆ ಮುಂತಾದ ಮರಗಳ ಮೇಲೆಯೇ. ಆದರೆ ಅಲ್ಲಿಯ ಗುರಿ ಹಲ್ಲಲ್ಲ, ಬೀಜದ ಎಣ್ಣೆ. ಮರ ಒಂದೇ ಆದರೂ ಒಬ್ಬನಿಗೆ ಕಡ್ಡಿ, ಇನ್ನೊಬ್ಬನಿಗೆ ಇಂಧನ!

ಈ ಗಿಡಮರಗಳ ರಸ ಬ್ಯಾಕ್ಟೀರಿಯಗಳನ್ನು ಏಕೆ ಬಾಧಿಸಬೇಕು? ಗಿಡವು ಓಡಿಹೋಗಲಾರದು. ಹುಳು, ಬೂಷ್ಟು, ಬ್ಯಾಕ್ಟೀರಿಯಗಳು ತನ್ನನ್ನು ತಿನ್ನಬಂದಾಗ ಅದು ರಾಸಾಯನಿಕಗಳಿಂದಲೇ ಹೋರಾಡಬೇಕು. ಬೇವಿನ ಕಹಿ, ಅಳಲೆಕಾಯಿಯ ಒಗರು, ಲವಂಗದ ಖಾರ, ಓಮದ ಘಾಟು, ಇವೆಲ್ಲ ಗಿಡಗಳು ತಮಗಾಗಿ ತಯಾರಿಸಿಕೊಂಡ ಆಯುಧಗಳು. ಒಗರಿಗೆ ಕಾರಣವಾದ ಟ್ಯಾನಿನ್ನುಗಳು ಸಸಾರಜನಕ ವಸ್ತುಗಳಿಗೆ ಅಂಟಿಕೊಂಡು ಅವುಗಳನ್ನು ಹೆಪ್ಪುಗಟ್ಟಿಸುತ್ತವೆ. ಚರ್ಮ ಹದಮಾಡುವವರು ತಂಗಡಿಯ ತೊಗಟೆಯನ್ನು ಬಳಸುತ್ತಿದ್ದುದು ಇದೇ ಗುಣಕ್ಕಾಗಿ. ಲವಂಗದ ಯೂಜಿನಾಲ್, ಓಮದ ಥೈಮಾಲ್‌ಗಳು ಬ್ಯಾಕ್ಟೀರಿಯದ ಹೊರಪೊರೆಯಲ್ಲಿ ಸೇರಿಕೊಂಡು ಅದನ್ನು ಸೋರುವಂತೆ ಮಾಡುತ್ತವೆ. ಹೀಗಿರುವುದರಿಂದ ಆ ವಿದ್ಯಾರ್ಥಿನಿಯ ತಟ್ಟೆಯಲ್ಲಿ ಉಂಗುರ ಕಂಡದ್ದು ಆಶ್ಚರ್ಯವಲ್ಲ. ಆ ಉಂಗುರದಿಂದ ಏನನ್ನು ಹೇಳಬಹುದು, ಏನನ್ನು ಹೇಳಲಾಗದು ಎಂಬುದೇ ಪ್ರಶ್ನೆ.

ಗುಳಿಯಲ್ಲಿ ಹಾಕಿದ ರಸ ಅಗರಿನೊಳಕ್ಕೆ ಹರಿದುಹೋಗುವುದಿಲ್ಲ. ಅದರ ಅಣುಗಳು ಒಂದೊಂದೇ ಅತ್ತಿತ್ತ ತೊನೆದಾಡುತ್ತ ಗೊತ್ತುಗುರಿಯಿಲ್ಲದೆ ಅಲೆಯುತ್ತವೆ. ಇದೇ ವಿಸರಣ. ಅಲೆಮಾರಿಯ ನಡಿಗೆಗೆ ಒಂದು ನಿಯಮವುಂಟು: ಸಾಗಿದ ದೂರದ ವರ್ಗವು ಹಿಡಿದ ಕಾಲಕ್ಕೆ ಅನುಪಾತದಲ್ಲಿರುತ್ತದೆ. ನೇರವಾಗಿ ನಡೆಯುವವನು ಎರಡರಷ್ಟು ದೂರಕ್ಕೆ ಎರಡರಷ್ಟು ಕಾಲ ತೆಗೆದುಕೊಂಡರೆ, ವಿಸರಿಸುವ ಅಣುವಿಗೆ ನಾಲ್ಕರಷ್ಟು ಕಾಲ ಬೇಕು. ಮೂರರಷ್ಟು ದೂರಕ್ಕೆ ಒಂಬತ್ತರಷ್ಟು. ಜೊತೆಗೆ, ದೊಡ್ಡ ಅಣು ನಿಧಾನವಾಗಿ ಚಲಿಸುತ್ತದೆ, ಚಿಕ್ಕದು ಬೇಗ. ನೀರಿನಲ್ಲಿ ಸಾಧಾರಣವಾದ ಒಂದು ಚಿಕ್ಕ ಅಣುವಿನ ವಿಸರಣಾಂಕವನ್ನು ಸೆಕೆಂಡಿಗೆ ೦.೦೦೦೫ ಚದರ ಮಿಲಿಮೀಟರ್ ಎಂದು ಇಟ್ಟುಕೊಳ್ಳೋಣ. ದೂರದ ವರ್ಗ ಎಂದರೆ ವಿಸರಣಾಂಕ ಮತ್ತು ಕಾಲಗಳ ಗುಣಲಬ್ಧದ ಎರಡರಷ್ಟು. ಒಂದು ದಿನಕ್ಕೆ ೮೬,೪೦೦ ಸೆಕೆಂಡುಗಳಾದುದರಿಂದ ಆ ಅಣು ಸ್ಥೂಲವಾಗಿ ೯ ಮಿಲಿಮೀಟರ್ ಸಾಗೀತು. ವಿಸರಣಾಂಕ ಇದರ ಕಾಲುಭಾಗವಾಗಿರುವ ದೊಡ್ಡ ಟ್ಯಾನಿನ್ ಅಣುವೊಂದು ಅದೇ ಅವಧಿಯಲ್ಲಿ ಸಾಗುವುದು ಅದರ ಅರ್ಧ, ಸುಮಾರು ನಾಲ್ಕೂವರೆ ಮಿಲಿಮೀಟರ್. ಎಂದಮೇಲೆ, ದೊಡ್ಡ ಉಂಗುರ ಮಾಡಿದ ರಸವೇ ಹೆಚ್ಚು ಪ್ರಬಲವೆಂದು ಹೇಳುವಂತಿಲ್ಲ. ದುರ್ಬಲವಾದರೂ ಚುರುಕಾಗಿ ಓಡುವ ಅಣು ಅಗಲವಾದ ಉಂಗುರವನ್ನು ಬರೆದೀತು. ಪ್ರಬಲವಾದರೂ ಕುಂಟುವ ಅಣು ಗುಳಿಯ ಅಂಚಿನಲ್ಲೇ ನಿಂತೀತು.

ವಾಚಕರು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಅಂಗಡಿಯಲ್ಲಿ ಚೀನಾ ಗ್ರಾಸ್ ಎಂಬ ಹೆಸರಿನಲ್ಲಿ ದೊರೆಯುವುದು ಅಗರೇ. ಎರಡು ಗ್ರಾಮಿನಷ್ಟನ್ನು ಒಂದು ಲೋಟ ನೀರಿನಲ್ಲಿ ಚೆನ್ನಾಗಿ ಕುದಿಸಿ ಅಗಲವಾದ ತಟ್ಟೆಗೆ ಸುರಿದು ಆರಲು ಬಿಡಿ. ಗಟ್ಟಿಯಾದ ಮೇಲೆ ಪಾನೀಯ ಕುಡಿಯುವ ಕೊಳವೆಯಿಂದ ದೂರದೂರಕ್ಕೆ ಎರಡು ಗುಳಿ ತೆಗೆದು, ಒಂದಕ್ಕೆ ಬರೆಯುವ ನೀಲಿ ಶಾಯಿಯನ್ನೂ ಇನ್ನೊಂದಕ್ಕೆ ಅರಿಸಿನ ಕದಡಿದ ನೀರನ್ನೂ ಹಾಕಿ. ಒಂದು ಗಂಟೆ, ನಾಲ್ಕು ಗಂಟೆ, ಒಂಬತ್ತು ಗಂಟೆಗಳ ಬಳಿಕ ಬಣ್ಣ ಹರಡಿದ ದೂರವನ್ನು ಅಳೆಯಿರಿ. ಶಾಯಿ ಎಲ್ಲೆಡೆ ಹಬ್ಬುತ್ತ ಹೋದರೆ ಅರಿಸಿನ ಬಹುಮಟ್ಟಿಗೆ ಗುಳಿಯಲ್ಲೇ ಕುಳಿತಿರುತ್ತದೆ. ಅದರ ಹಳದಿಗೆ ಕಾರಣವಾದ ಕುರ್ಕುಮಿನ್ ನೀರಿನಲ್ಲಿ ಕರಗುವುದೇ ಅತ್ಯಲ್ಪ. ತಟ್ಟೆಯ ಪರೀಕ್ಷೆಯೊಂದನ್ನೇ ನಂಬಿದರೆ ಅರಿಸಿನವನ್ನು ನಿಷ್ಪ್ರಯೋಜಕವೆಂದು ತಳ್ಳಿಬಿಡಬೇಕಾದೀತು. (ಬಾಯಿಯ ಬ್ಯಾಕ್ಟೀರಿಯಗಳನ್ನು ಮಾತ್ರ ಮನೆಯಲ್ಲಿ ಬೆಳೆಸುವ ಸಾಹಸಕ್ಕೆ ಹೋಗಬೇಡಿ. ಬೇಕಾದ್ದರ ಜೊತೆಗೆ ಬೇಡದ್ದೂ ಬೆಳೆಯುತ್ತದೆ.)

ಉಂಗುರದಲ್ಲಿ ಇನ್ನೆರಡು ಮೋಸಗಳಿವೆ. ಎಲೆಯ ಸಾರವನ್ನು ತೆಗೆಯಲು ಅನೇಕ ವೇಳೆ ಆಲ್ಕೊಹಾಲನ್ನು ಬಳಸುತ್ತಾರೆ. ಆಲ್ಕೊಹಾಲು ತಾನೇ ಬ್ಯಾಕ್ಟೀರಿಯಗಳನ್ನು ಕೊಲ್ಲಬಲ್ಲುದು. ಪಕ್ಕದ ಗುಳಿಯಲ್ಲಿ ಬರಿಯ ಆಲ್ಕೊಹಾಲನ್ನಿಟ್ಟು ಹೋಲಿಸದಿದ್ದರೆ, ಕೊಂದದ್ದು ಬೇವೋ ಆಲ್ಕೊಹಾಲೋ ಎಂದು ಹೇಳುವ ಬಗೆಯಿಲ್ಲ. ಎರಡನೆಯದಾಗಿ, ತೆರೆದ ಗಾಳಿಯಲ್ಲಿಟ್ಟ ತಟ್ಟೆಯ ಮೇಲೆ ಬೆಳೆಯುವುವು ಗಾಳಿಯನ್ನು ಸಹಿಸುವ ಬ್ಯಾಕ್ಟೀರಿಯಗಳು ಮಾತ್ರ. ವಸಡಿನ ಆಳದ ಸಂದಿನಲ್ಲಿರುವ ನಿಜವಾದ ಶತ್ರುಗಳು ಆ ತಟ್ಟೆಗೆ ಬರಲೇ ಇಲ್ಲ! ಕಳ್ಳ ಊರಿನಲ್ಲಿಲ್ಲದ ದಿನ ದಾರಿಹೋಕರನ್ನು ಹಿಡಿದು ಹೊಡೆದಂತಾಯಿತು.

ಇವೆಲ್ಲವನ್ನೂ ಸರಿಪಡಿಸಿ ನಿಷ್ಕೃಷ್ಟವಾಗಿ ಪ್ರಯೋಗ ಮಾಡಿದೆವೆಂದೇ ಇಟ್ಟುಕೊಳ್ಳೋಣ. ಆಗಲೂ ತಟ್ಟೆಯಿಂದ ಬಾಯಿಗೆ ಬರುವಾಗ ಒಂದು ದೊಡ್ಡ ತಡೆ ಎದುರಾಗುತ್ತದೆ. ಅದನ್ನು ಮೊದಲು ಕಂಡವನು ಬ್ಯಾಕ್ಟೀರಿಯಗಳನ್ನು ಮೊದಲು ಕಂಡವನೇ. ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವೆನ್‌ಹುಕ್ ೧೬೮೩ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ ಪತ್ರದಲ್ಲಿ, ತನ್ನ ಹಲ್ಲಿನ ಸಂದಿನಿಂದ ಕೆರೆದ ಬಿಳಿಯ ಲೇಪದಲ್ಲಿ ಓಡಾಡುತ್ತಿದ್ದ ಪುಟ್ಟ ಜೀವಿಗಳನ್ನು ವರ್ಣಿಸಿದ್ದಾನೆ. ಆತ ಅಷ್ಟಕ್ಕೇ ನಿಲ್ಲಲಿಲ್ಲ. ದ್ರಾಕ್ಷಾಮದ್ಯದಿಂದ ತಯಾರಾದ ತೀಕ್ಷ್ಣ ಹುಳಿನೀರನ್ನು, ಅಂದರೆ ವಿನೆಗರನ್ನು, ಬಾಯಿಗೆ ಹಾಕಿ ಚೆನ್ನಾಗಿ ಮುಕ್ಕಳಿಸಿ ಮತ್ತೆ ಲೇಪವನ್ನು ಪರೀಕ್ಷಿಸಿದ. ಜೀವಿಗಳು ಇನ್ನೂ ಲೆಕ್ಕವಿಲ್ಲದಷ್ಟಿದ್ದುವು. ಆದರೆ ಲೇಪವನ್ನು ನೀರಿನಲ್ಲಿ ಕದಡಿ ಅದಕ್ಕೆ ಸ್ವಲ್ಪವೇ ವಿನೆಗರ್ ಸೇರಿಸಿದಾಗ ಅವು ಕೂಡಲೇ ಸತ್ತುವು. ವಿನೆಗರು ಲೇಪದ ಹೊರಮೈಯ ಜೀವಿಗಳನ್ನಷ್ಟೇ ಕೊಂದಿತು, ಒಳಕ್ಕೆ ಇಳಿಯಲಿಲ್ಲ ಎಂದು ಅವನು ತೀರ್ಮಾನಿಸಿದ. ಮೂರೂ ಕಾಲು ಶತಮಾನಗಳಿಗೂ ಹಿಂದಿನ ಈ ಒಂದು ಪ್ರಯೋಗದಲ್ಲಿ ಆ ರೈತರ ಪ್ರಶ್ನೆಗೆ ಅರ್ಧ ಉತ್ತರವಿದೆ. ಕದಡಿದ ಲೇಪ ನಮ್ಮ ಗಾಜಿನ ತಟ್ಟೆ. ಕದಡದ ಲೇಪ ನಮ್ಮ ಬಾಯಿ.

ವಿನೆಗರು ಒಳಕ್ಕೆ ಏಕೆ ಇಳಿಯಲಿಲ್ಲವೆಂಬುದನ್ನು ಹಿಂದಿನ ವರ್ಗನಿಯಮದಿಂದಲೇ ಲೆಕ್ಕಹಾಕಬಹುದು. ಪಾಚಿಯ ದಪ್ಪ ೦.೧ ಮಿಲಿಮೀಟರ್ ಆಗಿದ್ದರೆ, ಅದೇ ಚಿಕ್ಕ ಅಣು ಅದನ್ನು ದಾಟಲು ಸುಮಾರು ೧೦ ಸೆಕೆಂಡು ಸಾಕು. ದಪ್ಪ ೦.೫ ಮಿಲಿಮೀಟರ್ ಆದರೆ ಕಾಲ ಐದರಷ್ಟಲ್ಲ, ಇಪ್ಪತ್ತೈದರಷ್ಟು: ೨೫೦ ಸೆಕೆಂಡು, ಎಂದರೆ ನಾಲ್ಕು ನಿಮಿಷಕ್ಕೂ ಮಿಗಿಲು. ನಾವು ಮುಕ್ಕಳಿಸುವುದು ಅರ್ಧ ನಿಮಿಷ! ಇದೂ ಪಾಚಿ ಬರಿಯ ನೀರಿನಂತಿದ್ದರೆ ಬರುವ ಲೆಕ್ಕ. ವಾಸ್ತವವಾಗಿ ಪಾಚಿಯ ಅಂಟು ದಾರಿಯಲ್ಲೇ ಅಣುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಸಸಾರಜನಕಕ್ಕೆ ಅಂಟುವ ಸ್ವಭಾವದ ಟ್ಯಾನಿನ್ನುಗಳಿಗಂತೂ ಮೊದಲ ಪದರವೇ ಸೆರೆಮನೆಯಾದೀತು. ಇದಲ್ಲದೆ ಪಾಚಿಯ ಆಳದಲ್ಲಿರುವ ಬ್ಯಾಕ್ಟೀರಿಯಗಳು ನಿಧಾನವಾಗಿ ಬೆಳೆಯುತ್ತ ಅರೆನಿದ್ರೆಯಲ್ಲಿರುವುದರಿಂದ, ಬಿಡಿಯಾಗಿ ತೇಲುವ ತಮ್ಮ ಬಂಧುಗಳನ್ನು ಕೊಲ್ಲುವ ಪ್ರಮಾಣಕ್ಕಿಂತ ಕೆಲವು ಸಂದರ್ಭಗಳಲ್ಲಿ ನೂರಾರು ಪಟ್ಟು ಹೆಚ್ಚಿನ ಪ್ರಮಾಣವನ್ನೂ ತಾಳಿಕೊಳ್ಳಬಲ್ಲುವು.

ಕಾಲದ ಅಭಾವಕ್ಕೆ ಜೊಲ್ಲೂ ತನ್ನ ಪಾಲನ್ನು ಸೇರಿಸುತ್ತದೆ. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರಿನಷ್ಟು ಜೊಲ್ಲು ಸ್ರವಿಸಿ ಬಾಯಿಗೆ ಹಾಕಿದುದನ್ನೆಲ್ಲ ತೊಳೆದು ಹೊಟ್ಟೆಗೆ ಸಾಗಿಸುತ್ತದೆ. ರೋಗ ನೆಲೆಸಿರುವ ಸಂದಿನ ಸ್ಥಿತಿ ಇನ್ನೂ ಕಠಿಣ. ಆರೋಗ್ಯವಂತ ವಸಡಿನಲ್ಲಿ ಈ ಸಂದಿನ ಆಳ ಮೂರು ಮಿಲಿಮೀಟರ್ ಮೀರುವುದಿಲ್ಲ. ಅದು ಐದು ಮಿಲಿಮೀಟರಿನಷ್ಟು ಆಳವಾದಾಗ ರಕ್ತದಿಂದ ಒಸರುವ ದ್ರವ ಒಳಗಿನಿಂದ ಹೊರಕ್ಕೆ ಹರಿಯುತ್ತ, ಸಂದಿನಲ್ಲಿರುವುದನ್ನು ಗಂಟೆಗೆ ಸುಮಾರು ನಲವತ್ತು ಸಲ ಬದಲಿಸುತ್ತದೆ. ಎಂದರೆ ಒಂದೂವರೆ ನಿಮಿಷಕ್ಕೊಮ್ಮೆ. ಬುಗ್ಗೆಯ ಬಾಯಿಗೆ ಬೆಲ್ಲದ ನೀರು ಸುರಿದರೆ ತಳ ಸಿಹಿಯಾಗುವುದೇ? ಮುಕ್ಕಳಿಸಿದ ರಸ ಬೇವಿನದಾಗಲಿ ಆಸ್ಪತ್ರೆಯ ಔಷಧವಾಗಲಿ, ಆ ಆಳವನ್ನು ಮುಟ್ಟುವುದು ಅತ್ಯಲ್ಪ.

ಬಾಯಿ ತೊಳೆಯುವ ಔಷಧಗಳಲ್ಲಿ ಕ್ಲೋರ್‌ಹೆಕ್ಸಿಡೀನ್ ಎಂಬುದನ್ನು ದಂತವೈದ್ಯರು ಅಳತೆಗೋಲಾಗಿ ಇಟ್ಟುಕೊಂಡಿರುವುದಕ್ಕೂ ಭೌತವಿಜ್ಞಾನದ ಒಂದು ಕಾರಣವಿದೆ. ಅದರ ಅಣುವಿಗೆ ಧನ ವಿದ್ಯುದಾವೇಶವುಂಟು; ಹಲ್ಲಿನ ಮೇಲಣ ಪೊರೆಗೂ ಬಾಯಿಯ ಒಳಚರ್ಮಕ್ಕೂ ಋಣಾವೇಶ. ಆದುದರಿಂದ ಅದು ಅಲ್ಲಿ ಅಂಟಿಕೊಂಡು ಗಂಟೆಗಟ್ಟಲೆ ಸ್ವಲ್ಪಸ್ವಲ್ಪವಾಗಿ ಬಿಡುಗಡೆಯಾಗುತ್ತದೆ. ಇದರ ೦.೨ ಶೇಕಡಾ ದ್ರಾವಣದಿಂದ ದಿನಕ್ಕೆರಡು ಸಲ ಮುಕ್ಕಳಿಸಿದವರಲ್ಲಿ, ಹಲ್ಲುಜ್ಜದಿದ್ದರೂ ಪಾಚಿ ಕಟ್ಟಲಿಲ್ಲವೆಂದು ೧೯೭೦ರಲ್ಲಿ ಅದೇ ಆರ್ಹುಸ್ ನಗರದಿಂದ ವರದಿ ಬಂತು. ಆದರೆ ಅವರೆಲ್ಲ ಸ್ವಚ್ಛವಾದ ಹಲ್ಲಿನಿಂದ ಆರಂಭಿಸಿದವರು. ಕಟ್ಟಿ ನಿಂತ ಹಳೆಯ ಪಾಚಿಯನ್ನು ಭೇದಿಸುವಲ್ಲಿ ಅದೂ ತಿಣುಕುತ್ತದೆ. ಬಹುಕಾಲ ಬಳಸಿದರೆ ಹಲ್ಲಿಗೆ ಕಂದು ಕಲೆಯನ್ನೂ ನಾಲಗೆಗೆ ರುಚಿಗೇಡನ್ನೂ ತರುತ್ತದೆ. ಈ ದೋಷಗಳಿಂದಾಗಿಯೇ ವಿಜ್ಞಾನಿಗಳು ಮತ್ತೆ ಗಿಡಮರಗಳತ್ತ ನೋಡುತ್ತಿರುವುದು.

ಹಾಗಾದರೆ ಬೇವಿನ ಕಡ್ಡಿಯಲ್ಲಿ ಹುರುಳಿಲ್ಲವೇ? ಇದೆ, ಆದರೆ ನಾವು ಊಹಿಸಿದ ಕಡೆಯಲ್ಲಿಯೇ ಇರಬೇಕೆಂದಿಲ್ಲ. ೧೯೯೬ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬೇವಿನ ಕಡ್ಡಿಯ ನೀರಿನ ಸಾರವನ್ನು, ಪಾಚಿಗೆ ಅಡಿಪಾಯ ಹಾಕುವ ಸ್ಟ್ರೆಪ್ಟೊಕಾಕಸ್ ಜಾತಿಯ ಬ್ಯಾಕ್ಟೀರಿಯಗಳ ಮೇಲೆ ಪರೀಕ್ಷಿಸಲಾಯಿತು. ಪ್ರಯೋಗದಲ್ಲಿ ಬಳಸಿದ ಪ್ರಮಾಣದಲ್ಲಿ ಆ ಸಾರ ಬ್ಯಾಕ್ಟೀರಿಯಗಳ ಬೆಳವಣಿಗೆಯನ್ನು ತಡೆಯಲೇ ಇಲ್ಲ. ತಟ್ಟೆಯಲ್ಲಿಟ್ಟಿದ್ದರೆ ಉಂಗುರವೇ ಮೂಡುತ್ತಿರಲಿಲ್ಲವೇನೋ! ಆದರೆ ಅದನ್ನು ಸೋಕಿಸಿಕೊಂಡ ಬ್ಯಾಕ್ಟೀರಿಯಗಳು, ಜೊಲ್ಲು ಲೇಪಿಸಿದ ಹಲ್ಲಿನ ಖನಿಜದ ಮೇಲೆ ಅಂಟಿಕೊಳ್ಳುವುದು ಬಹಳ ಕಡಿಮೆಯಾಯಿತು. ಸಕ್ಕರೆಯಿಂದ ಅವು ತಯಾರಿಸುವ ಅಂಟೂ ಕಡಿಮೆಯಾಯಿತು. ಕೊಲ್ಲದೆಯೇ ನೆಲೆ ತಪ್ಪಿಸುವುದೆಂದರೆ ಇದೇ. ನನ್ನ ಮಟ್ಟಿಗೆ ಹೇಳುವುದಾದರೆ, ಬೇವಿನ ಬಗ್ಗೆ ಓದಿದ ಎಷ್ಟೋ ಪ್ರಶಂಸೆಗಳಿಗಿಂತ ಈ ಶುಷ್ಕ ಫಲಿತಾಂಶ ಹೆಚ್ಚು ರುಚಿಸಿತು. ತೊಳೆದ ಹಲ್ಲಿನ ಮೇಲೆ ಹೊಸ ಪಾಚಿ ಹತ್ತುವುದನ್ನು ತಡೆಯಬಲ್ಲ ವಸ್ತುವಿಗೆ ದಪ್ಪ ಪಾಚಿಯನ್ನು ಭೇದಿಸುವ ಅಗತ್ಯವೇ ಇಲ್ಲ. ವರ್ಗನಿಯಮದ ಕಾಟವೂ ಅದಕ್ಕಿಲ್ಲ.

ನಮ್ಮ ರಾಜ್ಯದಲ್ಲಿಯೇ, ಮಣಿಪಾಲದ ಸಂಶೋಧಕರು ಬೇವಿನ ಎಲೆಯ ಸಾರವನ್ನು ಲೋಳೆಯ ರೂಪಕ್ಕೆ ತಂದು ಆರು ವಾರಗಳ ಕಾಲ ಜನರ ಮೇಲೆ ಪರೀಕ್ಷಿಸಿ, ೨೦೦೪ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹೋಲಿಕೆಗೆ ಕ್ಲೋರ್‌ಹೆಕ್ಸಿಡೀನ್ ಇತ್ತು. ಬೇವಿನ ಲೋಳೆ ಬಳಸಿದವರಲ್ಲಿ ಪಾಚಿಯೂ ಬ್ಯಾಕ್ಟೀರಿಯಗಳ ಸಂಖ್ಯೆಯೂ ಗಣನೀಯವಾಗಿ ಇಳಿದುವು. ರಸಕ್ಕೆ ಬದಲು ಲೋಳೆಯನ್ನು ಆರಿಸಿದುದರಲ್ಲಿ ಜಾಣತನವಿದೆ: ಲೋಳೆ ಬೇಗ ತೊಳೆದುಹೋಗುವುದಿಲ್ಲ, ಕಾಲ ದೊರೆಯುತ್ತದೆ. ಒಂದು ಮಾತನ್ನು ಮಾತ್ರ ಮರೆಯಬಾರದು. ಅಲ್ಲಿ ಎಣಿಸಿದ ಬ್ಯಾಕ್ಟೀರಿಯಗಳು ಹಲ್ಲಿನ ಹುಳುಕಿಗೆ ಸಂಬಂಧಪಟ್ಟವು, ವಸಡಿನ ಆಳದವಲ್ಲ.

ಕಡ್ಡಿಗಳ ಕಥೆಯಲ್ಲಿ ಅತ್ಯಂತ ಸ್ವಾರಸ್ಯವಾದುದು ಮಿಸ್ವಾಕಿನದು. ನಮ್ಮ ಪೇಟೆಗಳಲ್ಲಿ ಮಸೀದಿಯ ಬಳಿಯ ಅಂಗಡಿಗಳಲ್ಲಿ ದೊರೆಯುವ ಈ ಕಡ್ಡಿ ಪೀಲು ಎಂಬ ಮರದ ಬೇರು. ೨೦೦೮ರಲ್ಲಿ ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯ ಸಂಶೋಧಕರು ಇದರ ತುಂಡುಗಳನ್ನು ಅಗರಿನಲ್ಲಿ ಹೂತಿಟ್ಟುದಲ್ಲದೆ, ಅಗರನ್ನು ಮುಟ್ಟದಂತೆ ಮೇಲೆ ತೂಗುಹಾಕಿಯೂ ನೋಡಿದರು. ಮುಟ್ಟದ ಕಡ್ಡಿಯೂ ಪೋರ್ಫಿರೋಮೊನಾಸ್ ಮೊದಲಾದ ವಸಡಿನ ಶತ್ರುಗಳನ್ನು ತಡೆಯಿತು! ಕಡ್ಡಿಯಿಂದ ಯಾವುದೋ ಆವಿ ಹೊರಟು ಗಾಳಿಯ ಮೂಲಕ ವಿಸರಿಸಿರಬೇಕು. ೨೦೧೧ರಲ್ಲಿ ಅದು ಬೆಂಜೈಲ್ ಐಸೊಥಯೊಸಯನೇಟ್ ಎಂದು ಗುರುತಿಸಿದರು. ಸಾಸಿವೆಯ ಘಾಟಿಗೆ ಕಾರಣವಾದ ವಸ್ತುವಿನ ದಾಯಾದಿ ಇದು. ಗಾಳಿಯಲ್ಲಿ ಅಣುಗಳು ನೀರಿನಲ್ಲಿಗಿಂತ ಸಾವಿರಾರು ಪಟ್ಟು ಬೇಗ ವಿಸರಿಸುತ್ತವೆಂಬುದನ್ನು ನೆನೆದರೆ ಇದರ ಮಹತ್ವ ತಿಳಿದೀತು. ೧೮೭೯ರಲ್ಲಿ ಮೊದಲು ತಯಾರಾದ ಲಿಸ್ಟರಿನ್ ಎಂಬ ಬಾಯಿ ತೊಳೆಯುವ ದ್ರವದ ಹುರುಳೂ ಇಂತಹ ಆವಿಯಾಗುವ ಸಸ್ಯಜನ್ಯ ವಸ್ತುಗಳೇ: ಓಮದಲ್ಲಿರುವ ಥೈಮಾಲ್, ನೀಲಗಿರಿಯಲ್ಲಿರುವ ಯೂಕಲಿಪ್ಟಾಲ್, ಪುದೀನದ ಮೆಂಥಾಲ್ ಇತ್ಯಾದಿ.

ಗಿಡದ್ದೆಂದ ಮಾತ್ರಕ್ಕೆ ಸಾಧುವೆಂದು ತಿಳಿಯುವುದು ಮಾತ್ರ ದೊಡ್ಡ ತಪ್ಪು. ಚರಕಸಂಹಿತೆಯ ಹಲ್ಲುಕಡ್ಡಿಯ ಪಟ್ಟಿಯಲ್ಲಿ ಕಣಗಿಲೆಯೂ ಎಕ್ಕವೂ ಇವೆ. ಕಣಗಿಲೆ ಹೃದಯವನ್ನೇ ನಿಲ್ಲಿಸಬಲ್ಲ ವಿಷ, ಎಕ್ಕದ
ಹಾಲು ಬಾಯಿಯ ಚರ್ಮವನ್ನು ಸುಡುತ್ತದೆ. ಗ್ರಂಥದಲ್ಲಿದೆಯೆಂದು ಯಾರೂ ಇವನ್ನು ಬಾಯಿಗಿಡಕೂಡದು. ಬೇವಿನೆಣ್ಣೆ ಎಳೆಯ ಮಕ್ಕಳ ಹೊಟ್ಟೆ ಸೇರಿದರೆ ಪ್ರಾಣಾಪಾಯವಾಗುವುದುಂಟು. ಇವೆಲ್ಲಕ್ಕಿಂತ ನಮ್ಮ ಕಡೆಗೆ ಹತ್ತಿರವಾದುದು ಇನ್ನೊಂದು ಗಿಡ. ಅರಕಲಗೂಡು ತಾಲ್ಲೂಕು ಹೊಗೆಸೊಪ್ಪಿನ ಸೀಮೆ. ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಕೇಂದ್ರವೇ ಇದೆ. ಹೊಗೆಸೊಪ್ಪಿನ ಪುಡಿಯಿಂದ ಹಲ್ಲುಜ್ಜುವ ಅಭ್ಯಾಸ ದೇಶದ ಹಲವೆಡೆ ಇದ್ದುದರಿಂದ, ಹಲ್ಲುಪುಡಿ ಪೇಸ್ಟುಗಳಲ್ಲಿ ತಂಬಾಕನ್ನು ಬೆರೆಸುವುದನ್ನು ಭಾರತ ಸರ್ಕಾರ ೧೯೯೨ರಲ್ಲಿ ನಿಷೇಧಿಸಿತು. ಆದರೂ ಕಡ್ಡಿಪುಡಿಯನ್ನು ವಸಡಿಗೆ ಒತ್ತುವವರು, ಬೀಡಿ ಸಿಗರೇಟು ಸೇದುವವರು ನಮ್ಮಲ್ಲಿ ಅಪರೂಪವಲ್ಲ. ನಿಕೋಟಿನ್ ಸಹ ಗಿಡದ ಸಾರವೇ. ಅದು ವಸಡಿನ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಪರಿಣಾಮವಾಗಿ ಹೊಗೆ ಸೇದುವವನ ವಸಡಿನಲ್ಲಿ ರಕ್ತ ಕಡಿಮೆ ಬರುತ್ತದೆ. ರೋಗ ಕೊಡುವ ಆ ಒಂದೇ ಸುಳಿವೂ ಹೀಗೆ ಮುಚ್ಚಿಹೋಗಿ, ಒಳಗೆ ಮೂಳೆ ಮಾತ್ರ ಬೇಗಬೇಗನೆ ಕರಗುತ್ತದೆ. ಮಧುಮೇಹವಿದ್ದವರಲ್ಲಿಯೂ ಇದು ಉಲ್ಬಣಿಸುತ್ತದೆ.

ಇಷ್ಟನ್ನು ತಿಳಿದ ಮೇಲೆ ಆ ರೈತರಿಗೆ ಹೇಳಬೇಕಾಗಿದ್ದ ಉತ್ತರ ನನಗೀಗ ಸ್ಪಷ್ಟವಾಗಿದೆ. ಅಲ್ಲಾಡುವ ಹಲ್ಲೆಂದರೆ ಮೂಳೆಯವರೆಗೆ ಹೋದ ರೋಗವಿರಬಹುದು. ಗಾರೆಯಾದ ಕಿಟ್ಟವನ್ನು ಯಾವ ಎಲೆಯ ರಸವೂ ಕರಗಿಸಲಾರದು. ತಾಲ್ಲೂಕು ಆಸ್ಪತ್ರೆಯ ದಂತವೈದ್ಯರೋ ಹಾಸನದ ದಂತವೈದ್ಯ ಕಾಲೇಜಿನವರೋ ಉಪಕರಣದಿಂದ ಕೆರೆದು ತೆಗೆಯಬೇಕು. ಹಾಗೆ ತೆಗೆಸಿದರೆ ಹಲ್ಲು ಸಡಿಲವಾಗುತ್ತದೆಂಬ ಭಯ ನಮ್ಮ ಜನರಲ್ಲಿ ಬಲವಾಗಿದೆ. ಸಡಿಲಗೊಳಿಸಿದುದು ರೋಗ, ಕಿಟ್ಟ ಗಾರೆಯಂತೆ ಹಲ್ಲುಗಳನ್ನು ಒಂದಕ್ಕೊಂದು ಬೆಸೆದು ಆ ಸಡಿಲವನ್ನು ಮರೆಮಾಡಿರುತ್ತದೆ, ಅಷ್ಟೆ. ರಕ್ತ ಬರುವುದೆಂದು ಆ ಭಾಗವನ್ನು ಉಜ್ಜದೆ ಬಿಡುವುದೂ ವಿಪರೀತವಾದ ನಡವಳಿಕೆ. ಅಲ್ಲಿ ಪಾಚಿ ಇದೆಯೆಂಬುದಕ್ಕೆ ರಕ್ತವೇ ಗುರುತು, ಮೆಲ್ಲಗೆ ಆದರೂ ಉಜ್ಜಲೇಬೇಕಾದುದು ಅಲ್ಲಿಯೇ. ಒಮ್ಮೆ ಸ್ವಚ್ಛವಾದ ಮೇಲೆ ಬೇವಿನ ಕಡ್ಡಿಗೆ ಕೆಲಸವಿದೆ. ತುದಿಯನ್ನು ನುಣ್ಣಗೆ ಅಗಿದು ಕುಂಚದಂತೆ ಮಾಡಿ, ಅಡ್ಡಡ್ಡವಾಗಿ ಗರಗಸದಂತೆ ಎಳೆಯದೆ, ವಸಡಿನಿಂದ ಹಲ್ಲಿನ ತುದಿಯ ಕಡೆಗೆ ಉಜ್ಜಬೇಕು. ಆಗ ನಾರು ಪಾಚಿಯನ್ನು ಕದಡುತ್ತದೆ. ಲೇವೆನ್‌ಹುಕ್ ಲೇಪವನ್ನು ನೀರಿನಲ್ಲಿ ಕದಡಿದ ಹಾಗೆ. ಕದಡಿದ ಸ್ಥಳದಲ್ಲಿ ಅದೇ ಕ್ಷಣಕ್ಕೆ ತಾಜಾ ರಸವೂ ಒಸರುತ್ತದೆ. ಕಡ್ಡಿಯನ್ನು ಬಿಟ್ಟು ರಸವನ್ನಷ್ಟೇ ಸೀಸೆಗೆ ತುಂಬಿದರೆ ಈ ಜೊತೆಗಾರಿಕೆ ತಪ್ಪುತ್ತದೆ. ಹಿಂಭಾಗದ ದವಡೆಹಲ್ಲುಗಳ ಒಳಬದಿಗೆ ಕಡ್ಡಿ ಸರಿಯಾಗಿ ತಲುಪುವುದಿಲ್ಲ. ಹುಳುಕನ್ನು ತಡೆಯುವ ಫ್ಲೋರೈಡೂ ಅದರಲ್ಲಿ ಪೇಸ್ಟಿನಲ್ಲಿರುವಂತೆ ಇಲ್ಲ. ಆದುದರಿಂದ ರಾತ್ರಿ ಬ್ರಷ್ಷು, ಬೆಳಿಗ್ಗೆ ಕಡ್ಡಿ ಎಂಬ ಏರ್ಪಾಡು ನನಗೆ ಸರಿಯೆನಿಸುತ್ತದೆ.

ಆ ವಿದ್ಯಾರ್ಥಿನಿಗೆ ಈ ವಿಷಯವನ್ನೆಲ್ಲ ಮುಂದೊಂದು ದಿನ ಹೇಳಿದೆ. ಮೊದಲು ಸ್ವಲ್ಪ ಮುಖ ಬಾಡಿತು. ಬಳಿಕ ಕಾಗದ ತೆಗೆದುಕೊಂಡು ಹೊಸ ತಟ್ಟೆಯ ಚಿತ್ರವನ್ನು ಬರೆದಳು. ಅದರಲ್ಲಿ ಗುಳಿಗಳು ನಾಲ್ಕು: ಒಂದರಲ್ಲಿ ನೀರಿನಲ್ಲಿ ತೆಗೆದ ಬೇವಿನ ಸಾರ, ಒಂದರಲ್ಲಿ ಆಲ್ಕೊಹಾಲಿನಲ್ಲಿ ತೆಗೆದದ್ದು, ಒಂದರಲ್ಲಿ ಬರಿಯ ಆಲ್ಕೊಹಾಲು, ಇನ್ನೊಂದರಲ್ಲಿ ಕ್ಲೋರ್‌ಹೆಕ್ಸಿಡೀನ್. ಪಕ್ಕದಲ್ಲಿ ಪ್ರತ್ಯೇಕವಾಗಿ ಎರಡು ಗಾಜಿನ ಚೂರುಗಳು, ಒಂದನ್ನು ಬೇವಿನ ರಸದಲ್ಲಿ ಅದ್ದಿದ್ದು, ಒಂದನ್ನು ಅದ್ದದ್ದು. ಎರಡರ ಮೇಲೂ ಪಾಚಿ ಎಷ್ಟೆಷ್ಟು ಹತ್ತುತ್ತದೆಂದು ನೋಡುವಳಂತೆ. ಫಲಕದ ಮೇಲೆ ಏನು ಬರೆಯುತ್ತೀಯೆ ಎಂದು ಕೇಳಿದೆ. ಅದನ್ನು ಪ್ರಯೋಗ ಮುಗಿದ ಮೇಲೆ ಬರೆಯುತ್ತೇನೆ ಸಾರ್ ಎಂದಳು.